ಗೋಡೆ ಮೇಲಿನ ಮರ

ನಮ್ಮ ಶಾಲೆಯ ಡ್ರಾಯಿಂಗ್ ಕೋಣೆಯ ಗೋಡೆ ಮೇಲೆ ಒಂದು ಮರ ಇತ್ತು. ಡ್ರಾಯಿಂಗ್ ಟೀಚರ್ ಬರೆದದ್ದು. ಆ ಮರ ಬೆಳೀತಿತ್ತು. ನಗಬೇಡಿ, ನಾನು ಗಣಿತ ಹೇಳಿಕೊಡುವವಳು, ಇಲ್ಲದ್ದನ್ನು ಇದೆ ಅನ್ನೋ ಚಟ ನನಗಿಲ್ಲ. ಬೇಸಿಗೆ ರಜೆಗೆ ಮುಂಚೆ ಕಿಟಕಿಯ ಹತ್ತಿರ ಒಂದು ಸಣ್ಣ ಟೊಂಗೆ ಅಷ್ಟೇ ಇತ್ತು. ರಜೆ ಮುಗಿದು ಬಂದಾಗ ಅದಕ್ಕೆ ಕಾಂಡ ಬಂದಿತ್ತು. ಆಮೇಲೆ ಕೊಂಬೆ ಮೇಲೆ ಕೊಂಬೆ, ಸೂರಿನವರೆಗೆ.

ಆ ಟೀಚರನ್ನು ಮಕ್ಕಳು ಬಣ್ಣದ ಮಿಸ್ ಅಂತ ಕರೀತಿದ್ದರು. ನನ್ನನ್ನು ಲೆಕ್ಕದ ಮಿಸ್ ಅಂತ. 'ಬಣ್ಣದ ಮಿಸ್' ಅನ್ನುವಾಗ ಅವರ ಬಾಯಿ ಅಗಲವಾಗೋದು, ನನ್ನ ಹೆಸರು ಎತ್ತಿದರೆ ಕಹಿ ಔಷಧಿ ಕುಡಿದವರ ಹಾಗೆ ಸೊಟ್ಟಗಾಗೋದು. ನನಗೆ ಹೊಟ್ಟೆ ಉರೀತಿರಲಿಲ್ಲ ಅಂದರೆ ಸುಳ್ಳಾಗುತ್ತೆ.

ಅವಳ ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೀತಿದ್ದ ಪೇಂಟರ್. ಅಪ್ಪ ಏಣಿ ಹತ್ತಿದರೆ ಇವಳು ಕೆಳಗೆ ಏಣಿ ಹಿಡಿದು ನಿಲ್ಲೋಳು. ಶಾಲೆಯಲ್ಲಿ ಅಕ್ಷರ ತಲೆಗೆ ಹತ್ತಲಿಲ್ಲವಂತೆ. ಮೇಷ್ಟ್ರು ಕಿವಿ ಹಿಂಡಿ ಹಿಂಡಿ ಸಾಕಾಗಿ, 'ಇವಳು ದಡ್ಡಿ, ಪಾತ್ರೆ ತೊಳೆಯೋಕೆ ಕಳಿಸಿ' ಅಂತ ಮನೆಗೆ ಹೇಳಿಕಳಿಸಿದರಂತೆ. ಅಪ್ಪ ಒಂದು ಹಳೇ ಬ್ರಶ್ಶು ಕೊಟ್ಟು, ಬೋರ್ಡಿನ ಮೇಲೆ ತಾನು ಗೀಟು ಹಾಕಿದ್ದ ಅಕ್ಷರಗಳೊಳಗೆ ಬಣ್ಣ ತುಂಬೋಕೆ ಹೇಳಿದ. ಮೊದಲು ಚಿತ್ರ ಅಂತ ತುಂಬಿದಳು. ಕೆಲವು ಬೋರ್ಡ್ ಆದಮೇಲೆ ಒಂದು ದಿನ ಬೀದಿಯಲ್ಲಿ ನಿಂತು, ತಾನೇ ಬಣ್ಣ ಹಾಕಿದ ಬೋರ್ಡನ್ನು ಗಟ್ಟಿಯಾಗಿ ಓದಿಬಿಟ್ಟಳು. ಈ ಕಥೆ ಹೇಳುವಾಗಲೆಲ್ಲ ಅವಳ ಕಣ್ಣು ಒದ್ದೆಯಾಗೋದು.

"ಕಿವಿಯಿಂದ ಒಳಗೆ ಹೋಗದ್ದು ಕೈಯಿಂದ ಹೋಗುತ್ತೆ ಅಕ್ಕ," ಅನ್ನೋಳು. ನನಗಿಂತ ಚಿಕ್ಕವಳು, ಅದಕ್ಕೆ ಅಕ್ಕ. "ನಿಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂರ್ತಾವಲ್ಲ, ಅವನ್ನ ನನಗೆ ಕೊಡಿ."

"ತಗೊಂಡು ಹೋಗು ಮಾರಾಯ್ತಿ, ಜೊತೆಗೆ ಮುಂದಿನ ಬೆಂಚೂ ತಗೊಂಡು ಹೋಗು, ನಾನು ನಿದ್ದೆ ಮಾಡ್ತೀನಿ," ಅನ್ನೋಳು ನಾನು. ಹೀಗೆ ಹೇಳಿ ವಾರದಲ್ಲಿ ಎರಡು ಸಲ ಅವಳ ಪೀರಿಯಡ್ಡನ್ನೇ ಕಿತ್ತುಕೊಳ್ತಿದ್ದೆ. ಪಾಠ ಮುಗಿಸಬೇಕಲ್ಲ! ಡ್ರಾಯಿಂಗು ಪರೀಕ್ಷೆಗೆ ಬರುತ್ತಾ?

ವರ್ಷಗಟ್ಟಲೆ ಅವಳಿಗೆ ಕೋಣೆ ಅನ್ನೋದೇ ಇರಲಿಲ್ಲ. ಜಗಲಿಯಲ್ಲಿ ಪಾಠ, ಮೆಟ್ಟಿಲ ಕೆಳಗೆ ಪಾಠ, ಸೈಕಲ್ ನಿಲ್ಲಿಸೋ ಶೆಡ್ಡಿನಲ್ಲಿ ಪಾಠ. ಮಳೆ ಬಂದರೆ ಬಣ್ಣದ ನೀರು, ಮಳೆ ನೀರು ಎಲ್ಲ ಒಂದೇ. ಕೊನೆಗೆ ಕಟ್ಟಡದ ಹಿಂದುಗಡೆ ಮುರಿದ ಬೆಂಚು ತುಂಬಿಟ್ಟಿದ್ದ ಕೋಣೆ ಖಾಲಿಯಾಯ್ತು. ಹೆಡ್‌ಮಾಸ್ಟರು ಬೀಗದಕೈ ಕೊಡುವಾಗ ಒಂದು ಮಾತು ಹೇಳಿದರು. ನಾನೂ ಅಲ್ಲೇ ಇದ್ದೆ.

"ನೋಡಮ್ಮ, ಆಡಳಿತ ಮಂಡಳಿಯವರಿಗೆ ಈ ಡ್ರಾಯಿಂಗೇ ಬೇಡ. ನಾನು ಹೇಗೋ ತಳ್ಳಿಕೊಂಡು ಬರ್ತಿದ್ದೀನಿ. ಆ ಕೋಣೆ ವಿಷಯವಾಗಿ ಒಂದೇ ಒಂದು ತಕರಾರು ನನ್ನ ಮೇಜಿಗೆ ಬಂದರೂ ಬೀಗ ಹಾಕ್ತೀನಿ. ಬೇರೆ ಕೋಣೆ ಇಲ್ಲ. ಕೋಣೆ ಇಲ್ಲ ಅಂದ್ರೆ ಪೀರಿಯಡ್ಡೂ ಇಲ್ಲ."

"ತಕರಾರು ಯಾಕೆ ಸರ್ ಬರುತ್ತೆ?" ಅಂದಳು. ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಭಾನುವಾರ ತನ್ನ ಸ್ವಂತ ಅಕ್ಕನ ಗಂಡನನ್ನು ಕರೆತಂದು ಅವಳೇ ಸುಣ್ಣ ಹೊಡೆದಳು. ಅಕ್ಕನ ಮನೆಯಲ್ಲೇ ಇದ್ದವಳು ಅವಳು, ಮದುವೆ ಆಗಿರಲಿಲ್ಲ. ನಾನು ಇಣುಕಿ ನೋಡೋಕೆ ಹೋದಾಗ ಆ ಭಾವ ಏಣಿ ಹಿಡಿದು ಗೊಣಗ್ತಿದ್ದ. "ಬಂದ ಗಂಡುಗಳನ್ನೆಲ್ಲ ಒಲ್ಲೆ ಅಂದಳು ಮೇಡಂ. ಈಗ ನೋಡಿ, ಗೋಡೆ ಜೊತೆ ಸಂಸಾರ ಹೂಡ್ತಿದ್ದಾಳೆ!" ಅವಳು ಮೇಲಿಂದ ಅವನ ತಲೆಗೆ ಒಂದು ತೊಟ್ಟು ಸುಣ್ಣ ಬೀಳಿಸಿದಳು. ಅವಳು ಅಷ್ಟು ಸಂತೋಷವಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಯಾಕೆ ಅಂದರೆ, ಅದೇ ವರ್ಷ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಯಾರೋ ದೊಡ್ಡ ಕಟ್ಟಡ ಕಟ್ಟೋಕೆ ಪಾಯ ತೋಡಲು ಶುರು ಮಾಡಿದರು. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಗುಂಡಿ. ದಿನವಿಡೀ ಯಂತ್ರದ ಧಡ್ ಧಡ್. ಸ್ಟಾಫ್ ರೂಮಿನಲ್ಲಿ ಟೀ ಲೋಟದೊಳಗೆ ಟೀ ನಡುಗೋದು. ಒಂದು ಬೆಳಗ್ಗೆ ಅವಳು ಕೋಣೆ ಬಾಗಿಲು ತೆಗೆದಾಗ ಕಿಟಕಿಯ ಮೂಲೆಯಿಂದ ಕೂದಲೆಳೆಯಷ್ಟು ಗೆರೆ ಹೊರಟಿತ್ತು. ಬಿರುಕು.

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಹೇಳೋರು. ಇವಳು ಬ್ರಶ್ಶು ತೆಗೆದುಕೊಂಡಳು. ಬಣ್ಣ ಹಾಕುವವರಿಗೆ ಗೋಡೆಯಲ್ಲಿ ಕಲೆ ಕಂಡರೆ ಕೈ ಸುಮ್ಮನಿರಲ್ಲ, ಅದನ್ನೇ ಏನಾದರೂ ಮಾಡಿಬಿಡಬೇಕು. ಆ ಗೆರೆಯನ್ನು ಟೊಂಗೆ ಮಾಡಿದಳು, ಎರಡು ಎಲೆ ಇಟ್ಟಳು. ತಕರಾರು ಹೋಗಿ ಚಿತ್ರ ಆಯ್ತು. ಇದೆಲ್ಲ ಅವಳೇ ನನಗೆ ಆಮೇಲೆ ಹೇಳಿದ್ದು. ಆಗ ನಾನು ಆ ಟೊಂಗೆ ನೋಡಿ, "ಚೆನ್ನಾಗಿದೆಯಲ್ಲೇ," ಅಂದಿದ್ದೆ.

ಬಿರುಕು ಉದ್ದವಾಯ್ತು, ಟೊಂಗೆಯೂ ಉದ್ದವಾಯ್ತು. ಬಿರುಕು ಕವಲೊಡೆಯಿತು, ಮರವೂ ಕವಲೊಡೆಯಿತು. ಮಕ್ಕಳಿಗೋ ಹಬ್ಬ. ಒಬ್ಬೊಬ್ಬರಿಗೂ ಒಂದೊಂದು ಎಲೆ, ಅವರವರೇ ಬರೆದು ಬಣ್ಣ ತುಂಬಿದ್ದು. ಶನಿವಾರ ಮಧ್ಯಾಹ್ನ ಮನೆಗೆ ಹೋಗಿ ಅಂದರೂ ಹೋಗ್ತಿರಲಿಲ್ಲ. ಮೂಗಿನ ಮೇಲೆ ಹಸಿರು ಹಚ್ಚಿಕೊಂಡು ನನ್ನ ಕ್ಲಾಸಿಗೆ ಬಂದು ಕೂರೋವು.

ಒಂದು ಸೋಮವಾರ ಒಬ್ಬ ಹುಡುಗಿ, "ಮಿಸ್, ನನ್ನ ಎಲೆ ಹರಿದಿದೆ," ಅಂದಳಂತೆ. ಶನಿವಾರ ಇಡಿಯಾಗಿದ್ದ ಎಲೆ ನಡುವೆ ಸೀಳಿ ಎರಡಾಗಿತ್ತು. ಬಣ್ಣದ ಮಿಸ್ ಸೀಳಿಗೆ ಗೋಡೆ ಪುಟ್ಟಿ ಮೆತ್ತಿ, ಮೇಲೆ ಹೊಸ ಎಲೆ ಬರೆದಳು. ಮುಂದಿನ ವಾರ ಮತ್ತೆ ಮೂರು ಎಲೆ ಸೀಳಿದ್ದವು. ಅಷ್ಟು ಹೊತ್ತಿಗೆ ಆ ಕೋಣೆಯ ಬಾಗಿಲು ನೆಲಕ್ಕೆ ಉಜ್ಜೋಕೆ ಶುರುವಾಗಿತ್ತು. ಕಿಟಕಿಯ ಚಿಲಕ ತೂತಿಗೆ ಕೂರ್ತಿರಲಿಲ್ಲ. ಮಕ್ಕಳ ಹಾಳೆ ಮೇಲೆ, ಬಣ್ಣದ ನೀರಿನ ಮೇಲೆ ಬಿಳೀ ಪುಡಿ ಉದುರೋದು. ಅವಳು ಊದಿ ಒರೆಸಿ ಪಾಠ ಮುಂದುವರಿಸೋಳು. ರಾತ್ರಿ ನಿದ್ದೆ ಬರ್ತಿರಲಿಲ್ಲವಂತೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಗೋಡೆಗೆ ಅಂಗೈ ಒತ್ತಿ ನಿಂತು, ಇನ್ನೊಂದು ವರ್ಷ, ಇನ್ನೊಂದೇ ವರ್ಷ ತಾಳು ಅಂತ ಕೇಳಿಕೊಳ್ತಿದ್ದಳಂತೆ. ಗೋಡೆಯನ್ನು! ಎಂಥ ಹುಚ್ಚು. ಅವಳನ್ನು ನೆನೆಸಿಕೊಂಡರೆ ನನಗೆ ಸಿಟ್ಟೂ ಬರುತ್ತೆ, ಕರುಳೂ ಚುರಕ್ ಅನ್ನುತ್ತೆ.

ಈಗ ಸೋಡಾಬುಡ್ಡಿ ವಿಷಯ ಹೇಳಬೇಕು. ಏಳನೇ ಕ್ಲಾಸಿನ ಹುಡುಗಿ, ದಪ್ಪ ಗಾಜಿನ ಕನ್ನಡಕ, ಅದಕ್ಕೆ ಆ ಅಡ್ಡಹೆಸರು. ತಡವರಿಸಿ ತಡವರಿಸಿ ಮಾತಾಡೋಳು, ಪ್ರಶ್ನೆ ಕೇಳಿದರೆ ಕಣ್ಣಲ್ಲಿ ನೀರು. ನನ್ನ ಲೆಕ್ಕದಲ್ಲಿ ಸೊನ್ನೆಯೇ ಅವಳ ಮನೆದೇವರು. ನಾನು ಅವಳ ಮೇಲೆ ಆಸೆ ಬಿಟ್ಟಿದ್ದೆ. ಬಣ್ಣದ ಮಿಸ್ ಬಿಡಲಿಲ್ಲ.

ಅವಳ ಪಾಠ ಹೇಗಿತ್ತು ಅಂತ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದೆ. ಮೇಜಿನ ಮೇಲೆ ಒಂದು ಕುರ್ಚಿ ಇಟ್ಟಿದ್ದಳು. ಮಕ್ಕಳೆಲ್ಲ ಅದನ್ನು ನೋಡಿ ಬರೀತಿದ್ದರು. ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲೂ ಕುರ್ಚಿಗೆ ನಾಲ್ಕು ಕಾಲು.

"ನೀನು ಕೂತಲ್ಲಿಂದ ಎಷ್ಟು ಕಾಲು ಕಾಣ್ತಿದೆ ಪುಟ್ಟಾ?" ಅಂತ ಮುಂದಿದ್ದ ಹುಡುಗನನ್ನು ಕೇಳಿದಳು.

"ಮೂರು ಮಿಸ್."

"ಮತ್ತೆ ನಾಲ್ಕನೇದು ಎಲ್ಲಿಂದ ಬಂತು?"

"ಕುರ್ಚಿಗೆ ನಾಲ್ಕು ಕಾಲು ಇರುತ್ತಲ್ಲ ಮಿಸ್!"

"ಅದು ನಿನ್ನ ತಲೆಯಲ್ಲಿರೋ ಕುರ್ಚಿ. ಮೇಜಿನ ಮೇಲಿರೋದನ್ನ ಬರಿ. ಗೊತ್ತಿರೋದನ್ನ ಬರೀಬೇಡ, ಕಾಣೋದನ್ನ ಬರಿ. ನಾನು ಹೇಳಿದೆ ಅಂತಾನೂ ಬರೀಬೇಡ."

ಮೂರೇ ಕಾಲು ಬರೆದಿದ್ದವಳು ಸೋಡಾಬುಡ್ಡಿ ಒಬ್ಬಳೇ.

ಅದಾಗಿ ಸ್ವಲ್ಪ ದಿನಕ್ಕೆ ನಾನು ಬೋರ್ಡಿನ ಮೇಲೆ ತ್ರಿಕೋನ ಬರೆದು ಲೆಕ್ಕ ಮಾಡಿಸ್ತಿದ್ದೆ. ಇಡೀ ಕ್ಲಾಸು ಒಂದು ಮೂಲೆಯನ್ನು ತೊಂಬತ್ತು ಡಿಗ್ರಿ ಅಂದುಕೊಂಡು ಚಕಚಕ ಉತ್ತರ ಹೇಳಿತು. ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ. "ಮಿಸ್, ಅದು... ಅದು ತೊಂಬತ್ತು ಅಂತ ಎಲ್ಲೂ ಬ... ಬರೆದಿಲ್ಲವಲ್ಲ? ನೋಡೋಕೆ ಹಾಗಿದೆ ಅಷ್ಟೇ." ಸೀಮೆಸುಣ್ಣ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲ ಮಗು ಅದು. ಅವತ್ತಿಂದ ನಾನು ಡ್ರಾಯಿಂಗ್ ಪೀರಿಯಡ್ ಕಿತ್ತುಕೊಳ್ಳೋದು ಬಿಟ್ಟೆ. ಅಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲಿ ಯಾರಾದರೂ ಡ್ರಾಯಿಂಗಿನ ಬಗ್ಗೆ ಹಗುರವಾಗಿ ಮಾತಾಡಿದರೆ ಅವರ ಮೇಲೆ ಎಗರಿ ಬೀಳ್ತಿದ್ದೆ.

ಆ ವರ್ಷ ಪೋಷಕರ ದಿನ ಬಂತು. ಆಡಳಿತ ಮಂಡಳಿಯವರೂ ಬರುವವರಿದ್ದರು. ಹೆಡ್‌ಮಾಸ್ಟರಿಗೆ ಎಲ್ಲಿಂದ ಹೊಳೆಯಿತೋ, "ಆ ಮರದ ಕೆಳಗೆ ಇಡೀ ಏಳನೇ ಕ್ಲಾಸನ್ನ ನಿಲ್ಲಿಸಿ ಫೋಟೋ ತೆಗೆಸೋಣ, ಗೋಡೆಗೆ ಒರಗಿ, ಮೂರು ಸಾಲಲ್ಲಿ," ಅಂದರು. "ಮಂಡಳಿಯವರು ನೋಡಿದರೆ ನಿಮ್ಮ ಡ್ರಾಯಿಂಗು ಖಾಯಂ ಆಯ್ತು ಅಂತ ತಿಳ್ಕೊಳ್ಳಿ." ಜೀವಮಾನವಿಡೀ ಅವಳು ಕಾದಿದ್ದ ಮಾತು ಅದು. ಅದನ್ನು ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಖುಷಿಗೆ ಹಾಗಾಯ್ತು ಅಂದುಕೊಂಡೆ.

ಪೋಷಕರ ದಿನಕ್ಕೆ ಹಿಂದಿನ ದಿನ ಬೆಳಗ್ಗೆ, ಪ್ರದರ್ಶನಕ್ಕೆ ಇಡೋಕೆ ಅಂತ ಮಕ್ಕಳಿಂದ ಚಿತ್ರ ಬರೆಸ್ತಿದ್ದಳು. ವಿಷಯ ಮಕ್ಕಳೇ ಆರಿಸಿದ್ದರು, ನಮ್ಮ ಗೋಡೆ. ನನಗೆ ಬಿಡುವಿತ್ತು, ಬಣ್ಣದ ಬಟ್ಟಲು ತೊಳೆದುಕೊಡೋಕೆ ಹೋಗಿದ್ದೆ. ಹೊರಗೆ ಯಂತ್ರ ಧಡ್ ಧಡ್ ಅಂತಿತ್ತು, ಒಂದೊಂದು ಏಟಿಗೂ ಬಟ್ಟಲುಗಳು ಕಣಕಣ ಅಂತಿದ್ದವು. ಬಣ್ಣದ ಮಿಸ್ ಒಂದೊಂದೇ ಹಾಳೆ ತೆಗೆದುಕೊಳ್ತಾ ಬಂದಳು. ಹಸಿರು ಮರ, ಹಸಿರು ಮರ, ಹಕ್ಕಿ ಕೂತ ಹಸಿರು ಮರ. ಸೋಡಾಬುಡ್ಡಿಯ ಹಾಳೆ ಕೈಗೆ ಬಂದಾಗ ಮಿಸ್ ನಿಂತುಬಿಟ್ಟಳು.

ಆ ಹಾಳೆಯಲ್ಲಿ ಮರವೇ ಇರಲಿಲ್ಲ. ಬೋಳು ಗೋಡೆ. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಕಪ್ಪು ಸೀಳು, ಮೇಲೆ ಹೋದ ಹಾಗೆ ಅಗಲ. ಅದರ ನಡುವೆ ಒಂದು ಕಡೆ ಬಣ್ಣ ಹಾಕದೆ ಬಿಳಿಯಾಗಿ ಬಿಟ್ಟಿದ್ದಳು.

"ಎಲೆಗಳೆಲ್ಲಿ ಪುಟ್ಟಾ?" ಬಣ್ಣದ ಮಿಸ್ ಕೇಳಿದಳು.

"ಎಲೆ ಬರೀ ಬ... ಬಣ್ಣ ಅಲ್ಲವಾ ಮಿಸ್? ಗೋಡೆ ಬರಿ ಅಂದ್ರಲ್ಲ, ಅದಕ್ಕೆ ಗೋಡೆ ಬರೆದೆ."

"ಈ ಬಿಳಿ ಏನು?"

"ಬೆಳಕು ಮಿಸ್. ಅಲ್ಲಿ ಆಚೆ ಕಾಣುತ್ತೆ."

ನಾನು ತಲೆಯೆತ್ತಿ ನೋಡಿದೆ. ಮೇಲಿನ ಕೊಂಬೆಯಲ್ಲಿ, ಎಲೆಗಳ ನಡುವೆ, ಸೂಜಿಯಷ್ಟು ಬಿಸಿಲು. ಇಷ್ಟು ದಿನ ಅದೇ ಕೋಣೆಗೆ ಬಂದು ಹೋಗ್ತಿದ್ದೆ, ಕಂಡಿರಲಿಲ್ಲ. ಬಣ್ಣದ ಮಿಸ್ ಬೆಂಚು ಹತ್ತಿ ಕೈ ಚಾಚಿದಳು. ಅವಳ ಬೆರಳು ಮರದ ಒಳಗೆ ಹೋಯಿತು, ಬುಡದವರೆಗೆ. ಹಿಂದಕ್ಕೆ ತೆಗೆದಾಗ ಮರಳು ಸುರಿಯಿತು.

ಅವಳು ಕಿರುಚಲಿಲ್ಲ. ಬೆಂಚಿಂದ ಇಳಿದು, ಸೀರೆಗೆ ಕೈ ಒರೆಸಿಕೊಂಡು, ಪ್ರತಿ ದಿನದ ದನಿಯಲ್ಲೇ ಹೇಳಿದಳು. "ಎಲ್ಲರೂ ಎದ್ದೇಳಿ. ಹೊರಗೆ ಹೋಗಿ ನಿಜವಾದ ಮರ ನೋಡಿ ಬರೆಯೋಣ. ಚೀಲ ಅಲ್ಲೇ ಇರಲಿ." ಮಕ್ಕಳು ಸಾಲಾಗಿ ಹೊರಟವು. ಕೊನೇ ಮಗು ಹೊಸ್ತಿಲು ದಾಟೋವರೆಗೆ ನಾನು ತಲೆ ಎಣಿಸ್ತಾ ನಿಂತಿದ್ದೆ.

ಹೆಡ್‌ಮಾಸ್ಟರ ಮೇಜಿನ ಮೇಲೆ ಬೀಗದಕೈ ಇಟ್ಟು, "ತಕರಾರು ಬಂದಿದೆ ಸರ್. ನನ್ನದೇ," ಅಂದಳು. ಎಲ್ಲ ಹೇಳಿದಳು, ಮೊದಲ ಟೊಂಗೆಯಿಂದ ಹಿಡಿದು.

ಆ ಮನುಷ್ಯ ಗಡಿಯಾರ ನೋಡಿದರು. "ನಾಳೆ ಒಂದು ದಿನ ಕಳೀಲಿ. ಫೋಟೋ ಆಗಿಬಿಡಲಿ, ಆಮೇಲೆ ಇಂಜಿನಿಯರನ್ನ ಕರೆಸೋಣ. ಇಷ್ಟು ದಿನ ನಿಂತಿದೆ, ಒಂದು ದಿನಕ್ಕೆ ಏನಾಗುತ್ತೆ?"

ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬೇಡ. ಆದರೆ ನಾನು ಬಾಯಿ ತೆಗೆಯೋ ಮೊದಲೇ ಅವಳು ಹೊರಟಾಗಿತ್ತು. ಸುಣ್ಣ ಕೆರೆಯೋ ಕರಣೆ ಹಿಡಿದು ಆ ಕೋಣೆಗೆ ಹೋಗಿ, ತಾನೇ ಬರೆದ ಮರವನ್ನು ಕೆರೆಯೋಕೆ ಶುರು ಮಾಡಿದಳು. ಎಲೆ, ಕೊಂಬೆ, ಪುಟ್ಟಿ ಎಲ್ಲ ಚಕ್ಕೆ ಚಕ್ಕೆಯಾಗಿ ಉದುರಿತು. "ಅಯ್ಯೋ ಹೊರಗೆ ಬಾರೇ, ಗೋಡೆ ಬೀಳುತ್ತೆ ಕಣೇ!" ಅಂತ ನಾನು ಬಾಗಿಲಲ್ಲಿ ನಿಂತು ಅರಚಿಕೊಂಡೆ. ಅವಳಿಗೆ ಕೇಳಿಸಲೇ ಇಲ್ಲ. ಕಾಂಡದವರೆಗೆ ಕೆರೆದು ಬಂದಳು, ಮುಖವೆಲ್ಲ ಬಿಳೀ ಧೂಳು, ಅದರ ಮೇಲೆ ಕಣ್ಣೀರಿನ ಗೆರೆ. ಹಿಂದೆಯೇ ಬಂದ ಹೆಡ್‌ಮಾಸ್ಟರು ಆ ಸೀಳನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದರು.

ಮಾರನೇ ದಿನ, ಪೋಷಕರು ಅಂಗಳದಲ್ಲಿ ಕೂತು ಭಾಷಣ ಕೇಳ್ತಿದ್ದಾಗ, ಹಿಂದಿನಿಂದ ಮೂಟೆ ಎತ್ತಿಹಾಕಿದ ಹಾಗೆ ಸದ್ದು ಕೇಳಿಸಿತು. ಗೋಡೆ ಸೂರಿನ ಸಮೇತ ಗುಂಡಿಯೊಳಗೆ ಜಾರಿತ್ತು. ಒಳಗೆ ಯಾರೂ ಇರಲಿಲ್ಲ. ನಾನು ಮಕ್ಕಳ ಸಾಲುಗಳನ್ನು ಎಣಿಸೋಕೆ ಹೋಗಿ ಕೂತಲ್ಲೇ ಅತ್ತುಬಿಟ್ಟೆ.

ಆಮೇಲೆ ಆದದ್ದು ನನಗೆ ಇನ್ನೂ ಮೈ ಉರಿಸುತ್ತೆ. ಗುಂಡಿ ತೋಡಿದವರನ್ನು ಯಾರೂ ಕೇಳಲಿಲ್ಲ. 'ಒಂದು ದಿನಕ್ಕೆ ಏನಾಗುತ್ತೆ' ಅಂದವರನ್ನೂ ಕೇಳಲಿಲ್ಲ. ಬಿರುಕಿನ ಮೇಲೆ ಬಣ್ಣ ಬಳಿದವಳು ಸಿಕ್ಕಿದಳಲ್ಲ, ಎಲ್ಲ ಅವಳ ತಲೆಗೆ ಕಟ್ಟಿದರು. ಅವಳದೂ ತಪ್ಪೇ, ನಾನು ಇಲ್ಲ ಅನ್ನಲ್ಲ. ಅವಳೂ ಅನ್ನಲಿಲ್ಲ. "ಮಕ್ಕಳಿಗೆ ನೋಡೋದು ಕಲಿಸಿದೆ ಅಕ್ಕ, ನಾನೇ ಕಣ್ಣು ಮುಚ್ಚಿಕೊಂಡೆ," ಅಂದಳು. ಚೀಲಕ್ಕೆ ಬ್ರಶ್ಶುಗಳನ್ನು ತುಂಬಿಕೊಂಡು ಗೇಟು ದಾಟಿದಳು. ಆ ಪೀರಿಯಡ್ಡನ್ನು ನನಗೇ ಕೊಟ್ಟರು, ಗಣಿತಕ್ಕೆ.

ಗಂಡಾಂತರ ತಪ್ಪಿಸಿದ ಹುಡುಗಿಗೆ ಒಂದು ಶಭಾಷ್ ಕೂಡ ಸಿಗಲಿಲ್ಲ. "ನಿನ್ನಿಂದಲೇ ಬಣ್ಣದ ಮಿಸ್ ಹೋದ್ರು," ಅಂತ ಮಕ್ಕಳು ಅವಳ ಜೊತೆ ಟೂ ಬಿಟ್ಟವು. ಅವಳು ಚಿತ್ರ ಬರೆಯೋದು ನಿಲ್ಲಿಸಿದಳು. ಹತ್ತಿರ ಕರೆದು ಕೂರಿಸಿಕೊಂಡರೂ ಮಾತಿಲ್ಲ. ಆದರೆ ಲೆಕ್ಕ ಮಾತ್ರ ತಪ್ಪದೆ ಮಾಡ್ತಿದ್ದಳು, ಮತ್ತೆ ನನ್ನ ಕ್ಲಾಸಿನ ಗೋಡೆಗೆ ಹಾಕೋಕೆ ಅಂತ ತಾನಾಗಿಯೇ ಒಂದು ದೊಡ್ಡ ಸೂತ್ರಗಳ ಚಾರ್ಟು ಬರೆದು ತಂದಳು. ನನಗೆ ಎಷ್ಟು ಹಿಗ್ಗಾಯ್ತು ಅಂತೀರಿ! ಮಗು ಚೇತರಿಸಿಕೊಳ್ತಿದೆ ಅಂದುಕೊಂಡೆ.

ಪಕ್ಕದ ಗುಂಡಿ ಕೆಲಸ ಸ್ವಲ್ಪ ದಿನ ನಿಂತಿದ್ದು, ಮತ್ತೆ ಶುರುವಾಯ್ತು. ಮೊನ್ನೆ ಪಾಠ ಮಾಡುವಾಗ ನೋಡಿದೆ, ಆ ಚಾರ್ಟು ಮೊದಲಿದ್ದ ಜಾಗದಲ್ಲಿರಲಿಲ್ಲ. ಮೇಲೆ, ಕಿಟಕಿಯ ಮೂಲೆಗೆ ಸರಿದಿತ್ತು. ಅದರ ಕೆಳಗೆ ಇನ್ನೊಂದು ಹೊಸ ಹಾಳೆ ಅಂಟಿಸಿತ್ತು, ಬರೀ ಖಾಲಿ ಹಾಳೆ.

"ಇದನ್ನ ಇಲ್ಲಿಗೆ ಯಾರು ಸರಿಸಿದ್ದು?"

ಸೋಡಾಬುಡ್ಡಿ ಎದ್ದು ನಿಂತಳು. "ನಾ... ನಾನೇ ಮಿಸ್."

ನಾನು ಚಾರ್ಟಿನ ಮೂಲೆ ಹಿಡಿದು ಎತ್ತಿದೆ. ಸುಣ್ಣದ ಮೇಲೆ ಒಂದು ಗೆರೆ, ಕಿಟಕಿಯಿಂದ ಶುರುವಾಗಿ ಮೇಲಕ್ಕೆ.

"ಯಾವಾಗ ನೋಡಿದೆ ಮಗಾ? ಹೇಳಬಾರದಿತ್ತೇನೇ?"

ಕನ್ನಡಕದ ಹಿಂದೆ ಆ ಕಣ್ಣು ತುಂಬಿ ಬಂತು. "ಹೇಳಿದ್ರೆ ನಿಮ್ಮನ್ನೂ ಕಳಿಸಿಬಿಡ್ತಾರೆ ಮಿಸ್," ಅಂದಳು. ಒಂದು ಕಡೆಯೂ ತಡವರಿಸಲಿಲ್ಲ.

ನಾವೇ ಕಲಿಸಿದ್ದು. ಅಷ್ಟು ದೊಡ್ಡ ಶಾಲೆ, ಅಷ್ಟು ಜನ ಮೇಷ್ಟ್ರು, ಎಲ್ಲ ಸೇರಿ ಆ ಮಗುವಿಗೆ ಕಲಿಸಿದ ಪಾಠ ಇದು. ಹೊರಗೆ ಯಂತ್ರ ಒಂದು ಏಟು ಹಾಕಿತು, ಖಾಲಿ ಹಾಳೆಯ ಹಿಂದಿನಿಂದ ಪುಡಿ ಉದುರಿ ನನ್ನ ಮುಂಗೈ ಮೇಲೆ ಬಿತ್ತು. ನಾನು ಸೀಮೆಸುಣ್ಣ ಕೆಳಗಿಟ್ಟೆ.

"ಎಲ್ಲರೂ ಎದ್ದೇಳಿ," ಅಂದೆ. "ಚೀಲ ಅಲ್ಲೇ ಇರಲಿ."